ನೆರವಿಗೂ ಒಂದು ಅಂಕ

ಕಾಲ್ಚೆಂಡಾಟದ ಪಂದ್ಯ ಮುಗಿದ ಮರುದಿನ ಶಾಲೆಯ ಸೂಚನಾ ಫಲಕದಲ್ಲಿ ಗೋಲು ಹೊಡೆದವರ ಹೆಸರು ಬರೆಯುವುದು ವಾಡಿಕೆ. ಹೆಸರು ಬಂದವನು ಆ ದಿನ ಫಲಕದ ಮುಂದೆ ಎರಡು ಸಲ ಹೆಚ್ಚಾಗಿಯೇ ಓಡಾಡುತ್ತಾನೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಬಳಿ ಬಂದು, "ಮಾಷ್ಟ್ರೇ, ಮೂರು ಗೋಲಿಗೂ ಚೆಂಡು ಕೊಟ್ಟದ್ದು ನಾನು. ನನ್ನ ಹೆಸರು ಎಲ್ಲಿ?" ಎಂದು ಕೇಳಿದ. ಕನ್ನಡ ಪಾಠ ಹೇಳುವ ನನಗೆ ಉತ್ತರ ತೋಚದೆ, ಆಟದ ಮಾಷ್ಟ್ರನ್ನು ಕೇಳು ಎಂದುಬಿಟ್ಟೆ. ಆದರೆ ಪ್ರಶ್ನೆ ನನ್ನ ತಲೆಯಲ್ಲಿಯೇ ಉಳಿಯಿತು. ಆ ಹುಡುಗನಂಥವರ ಹೆಸರನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಆಟವೊಂದು ದೂರದ ದೇಶದಲ್ಲಿದೆ. ಅದೇ ಮಂಜುಗಡ್ಡೆಯ ಹಾಕಿ. ಅದರ ಒಂದು ವರ್ಷದ ಲೆಕ್ಕವನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಕಡೆಯ ಮಕ್ಕಳಿಗೆ ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಯಲ್ಲಿ ತುಂಬುವಂಥದು, ಇಲ್ಲವೇ ಶರಬತ್ತಿನ ಅಂಗಡಿಯಲ್ಲಿ ಕಾಣುವಂಥದು. ಕೆನಡಾ ದೇಶದಲ್ಲಿ ಚಳಿಗಾಲ ಬಂತೆಂದರೆ ಕೆರೆ ಹೊಳೆಗಳೇ ಗಟ್ಟಿಯಾಗುತ್ತವೆ. ಅದರ ಮೇಲೆ ಉಕ್ಕಿನ ಅಲಗುಳ್ಳ ಸ್ಕೇಟು ಕಟ್ಟಿಕೊಂಡು ಜಾರುತ್ತ ಆಡುವ ಆಟವಿದು. ಈಗ ದೊಡ್ಡ ಪಂದ್ಯಗಳೆಲ್ಲ ಮಾಡಿನ ಕೆಳಗೆ, ಯಂತ್ರದಿಂದ ಗಟ್ಟಿಗೊಳಿಸಿದ ಅಂಗಣದಲ್ಲಿ ನಡೆಯುತ್ತವೆ. ಅಂಗಣದ ಉದ್ದ ಸುಮಾರು 61 ಮೀಟರ್, ಅಗಲ 26 ಮೀಟರ್. ಸುತ್ತಲೂ ಹಲಗೆಯ ಗೋಡೆ. ಚೆಂಡಿನ ಬದಲು 'ಪಕ್' ಎಂಬ ರಬ್ಬರಿನ ಕಪ್ಪು ಬಿಲ್ಲೆ. ಅದರ ಅಡ್ಡಳತೆ 3 ಅಂಗುಲ, ದಪ್ಪ 1 ಅಂಗುಲ, ತೂಕ ಸುಮಾರು 170 ಗ್ರಾಂ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆಗೆ ಆರು ಜನ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಜಾರುವ ವೇಗ ಎಷ್ಟೆಂದರೆ ಒಂದು ನಿಮಿಷದೊಳಗೇ ಆಟಗಾರ ದಣಿಯುತ್ತಾನೆ. ಆಟ ನಿಲ್ಲಿಸದೆಯೇ ಬೇರೆ ಗುಂಪು ಒಳಗೆ ಇಳಿಯುತ್ತದೆ. ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಗೋಲಿನ ಬಲೆ ಅಂಗಣದ ತುದಿಗೆ ಅಂಟಿಕೊಂಡಿರುವುದಿಲ್ಲ. ಬಲೆಯ ಹಿಂದೆ ಸುಮಾರು ಮೂರು ಮೀಟರ್ ಜಾಗವಿದ್ದು, ಅಲ್ಲಿಯೂ ಆಡಬಹುದು.

ಇನ್ನು ಲೆಕ್ಕದ ಕ್ರಮ. ಕೆನಡಾ ಮತ್ತು ಅಮೆರಿಕದ ವೃತ್ತಿಪರ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್ ಎಂಬುದು 1917ರಲ್ಲಿ ಆರಂಭವಾಯಿತು. ಅಲ್ಲಿ ಗೋಲಾದಾಗ ಹೊಡೆದವನಿಗೆ ಒಂದು ಅಂಕ. ಅವನಿಗೆ ಬಿಲ್ಲೆ ದಾಟಿಸಿದವನಿಗೆ ಒಂದು 'ನೆರವು'. ಆ ದಾಟಿಸಿದವನಿಗೆ ದಾಟಿಸಿದವನಿಗೂ ಒಂದು ನೆರವು. ನೆರವಿಗೂ ಅಂಕ ಒಂದೇ, ಅರ್ಧವಲ್ಲ, ಕಾಲಲ್ಲ. ಹೀಗೆ ಒಂದು ಗೋಲಿಗೆ ಹೆಚ್ಚೆಂದರೆ ಮೂರು ಹೆಸರು ಪುಸ್ತಕಕ್ಕೆ ಏರುತ್ತವೆ. ವರ್ಷದ ಕೊನೆಯಲ್ಲಿ ಗೋಲನ್ನೂ ನೆರವನ್ನೂ ಕೂಡಿಸಿ ಯಾರ ಮೊತ್ತ ಹೆಚ್ಚೋ ಅವರೇ ಅಂಕಗಳಿಕೆಯಲ್ಲಿ ಮೊದಲಿಗರು.

ಈ ಕ್ರಮದ ಅರ್ಥ ಚೆನ್ನಾಗಿ ತಿಳಿಯಬೇಕಾದರೆ 1983–84ರ ಋತುವನ್ನು ನೋಡಬೇಕು. ಕೆನಡಾದ ಆಲ್ಬರ್ಟಾ ಪ್ರಾಂತದ ರಾಜಧಾನಿ ಎಡ್ಮಂಟನ್. ಎಣ್ಣೆಯ ಬಾವಿಗಳ ನಾಡು. ಹಾಗಾಗಿ ಅಲ್ಲಿಯ ತಂಡದ ಹೆಸರು ಆಯಿಲರ್ಸ್. 1979ರಲ್ಲಷ್ಟೇ ಈ ಲೀಗಿಗೆ ಸೇರಿದ ಹೊಸ ತಂಡವದು. ಲೀಗಿನಲ್ಲಿ ಆಗ 21 ತಂಡಗಳು; ಪ್ರತಿಯೊಂದಕ್ಕೂ 80 ಪಂದ್ಯ. ಆ ವರ್ಷ ಆಯಿಲರ್ಸ್ ಹೊಡೆದ ಗೋಲುಗಳು 446. ಪಂದ್ಯಕ್ಕೆ ಸರಾಸರಿ ಐದೂವರೆಗಿಂತಲೂ ಹೆಚ್ಚು. ಅದಕ್ಕೆ ಮೊದಲೂ ಅನಂತರವೂ ಇಂದಿನವರೆಗೆ ಬೇರಾವ ತಂಡವೂ ಆ ಸಂಖ್ಯೆಯನ್ನು ಮುಟ್ಟಿಲ್ಲ. ಋತುವೊಂದರಲ್ಲಿ 400 ದಾಟಿದ ತಂಡವೇ ಇನ್ನೊಂದಿಲ್ಲ. ಆಯಿಲರ್ಸ್ ಮಾತ್ರ 1981–82ರಿಂದ 1985–86ರವರೆಗೆ ಐದು ಋತು ಸಾಲಾಗಿ ದಾಟಿತು. ಆ ಕಾಲದಲ್ಲಿ ಎಲ್ಲ ತಂಡಗಳಿಗೂ ಗೋಲು ಸ್ವಲ್ಪ ಸುಲಭವಾಗಿಯೇ ಸಿಗುತ್ತಿತ್ತು, ಗೋಲ್‌ಕೀಪರ್‌ಗಳ ಕಾಲ್ಪಟ್ಟಿಗಳು ಇಂದಿನಷ್ಟು ದೊಡ್ಡದಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಉಳಿದ ತಂಡಗಳ ಸರಾಸರಿ ನಾಲ್ಕರ ಆಸುಪಾಸಿನಲ್ಲಿಯೇ ಇತ್ತು.

ಗೆದ್ದದ್ದು 57, ಸೋತದ್ದು 18, ಸಮವಾದದ್ದು 5. ಗೆಲುವಿಗೆ ಎರಡು, ಸಮಕ್ಕೆ ಒಂದು ಎಂದು ತಂಡಕ್ಕೆ ಎಷ್ಟು ಅಂಕ ಬಂತೆಂದು ಚಿಕ್ಕ ತರಗತಿಯವರು ಲೆಕ್ಕ ಮಾಡಿ ನೋಡಿ. 119 ಬರಬೇಕು.

ಈಗ ಆಟಗಾರರ ಪಟ್ಟಿ. ಮೊದಲ ಹೆಸರು ವೇನ್ ಗ್ರೆಟ್ಸ್ಕಿ. ಗೋಲು 87, ನೆರವು 118, ಒಟ್ಟು 205. ಎರಡನೆಯ ಹೆಸರು ಅದೇ ತಂಡದ ಪಾಲ್ ಕಾಫಿ. (ನಮ್ಮ ಮನೆಯ ಕಾಫಿಯ ಹಾಗೆಯೇ ಕೇಳುತ್ತದೆ, ಮರೆಯುವ ಭಯವಿಲ್ಲ.) ಗೋಲು 40, ನೆರವು 86, ಒಟ್ಟು 126. ಮೂರನೆಯವರು ಕ್ವಿಬೆಕ್ ತಂಡದ ಮಿಷೆಲ್ ಗೂಲೆ 121, ನಾಲ್ಕನೆಯವರು ಅದೇ ತಂಡದ ಪೀಟರ್ ಸ್ಟಾಸ್ಟ್ನಿ 119, ಐದನೆಯವರು ನ್ಯೂಯಾರ್ಕ್ ಐಲಂಡರ್ಸ್ ತಂಡದ ಮೈಕ್ ಬಾಸಿ 118.

ಈ ಪಟ್ಟಿಯನ್ನು ಒಮ್ಮೆ ಓದಿ ಬಿಟ್ಟರೆ ಸಾಲದು. ಗ್ರೆಟ್ಸ್ಕಿಯವರ 87 ಗೋಲುಗಳನ್ನು ಪುಸ್ತಕದಿಂದ ಅಳಿಸಿಬಿಡೋಣ. ಆ ವರ್ಷ ಅವರು ಒಂದು ಗೋಲನ್ನೂ ಹೊಡೆಯಲಿಲ್ಲ ಎಂದೇ ಇಟ್ಟುಕೊಳ್ಳೋಣ. ಬರಿಯ ನೆರವು 118 ಉಳಿಯುತ್ತದೆ. ಅಂದರೆ ಬಾಸಿಯವರಂಥ ಹೆಸರಾಂತ ಗೋಲುಗಾರನ ಇಡೀ ವರ್ಷದ ದುಡಿಮೆಗೆ ಸಮ. ಎರಡು ವರ್ಷಗಳ ಅನಂತರ, 1985–86ರಲ್ಲಿ, ಇದು ಇನ್ನೂ ವಿಚಿತ್ರವಾಯಿತು. ಆ ಸಲ ಗ್ರೆಟ್ಸ್ಕಿ ಹೊಡೆದದ್ದು 52 ಗೋಲು ಮಾತ್ರ, ನೆರವು 163. ಎರಡನೆಯ ಸ್ಥಾನದ ಮಾರಿಯೊ ಲೆಮ್ಯೂ ಅವರ ಒಟ್ಟು ಮೊತ್ತವೇ 141. ಗೋಲನ್ನೆಲ್ಲ ಅಳಿಸಿದರೂ ಮೊದಲಿಗರು ಮೊದಲಿಗರೇ!

ಕಾಫಿಯವರ ವಿಷಯ ಬೇರೆ ಬಗೆಯದು. ಅವರು ಮುಂಭಾಗದ ಆಟಗಾರರಲ್ಲ, ರಕ್ಷಕರು. ಎದುರಾಳಿಯನ್ನು ತಡೆಯುವುದು ರಕ್ಷಕನ ಕೆಲಸ. ಅಂಥವರು ಇಡೀ ಲೀಗಿನ ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದಾರೆ. ಇದಕ್ಕಿಂತ ಸೋಜಿಗವೆಂದರೆ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಅವರ ಹೆಸರಿನ ಮುಂದೆಯೂ 14 ನೆರವುಗಳಿವೆ. ಬಿಲ್ಲೆಯನ್ನು ತಡೆದು ಸುಮ್ಮನೆ ಬದಿಗೆ ತಳ್ಳದೆ, ಜಾರುತ್ತಿರುವ ಗೆಳೆಯನ ಕೋಲಿಗೇ ಸೇರಿಸುತ್ತಿದ್ದರು ಎಂದಾಯಿತು. ಗೋಲ್‌ಕೀಪರ್‌ಗಳಲ್ಲಿ ಅದು ಇಂದಿಗೂ ದಾಖಲೆಯೇ. ಯಾರಿ ಕುರ್ರಿ 113, ಮಾರ್ಕ್ ಮೆಸ್ಸಿಯೆ 101, ಗ್ಲೆನ್ ಆಂಡರ್ಸನ್ 99. ಒಂದೇ ತಂಡದಲ್ಲಿ ಐವತ್ತು ಗೋಲು ದಾಟಿದವರು ಮೂವರು: ಗ್ರೆಟ್ಸ್ಕಿ, ಆಂಡರ್ಸನ್, ಕುರ್ರಿ. ಗ್ರೆಟ್ಸ್ಕಿಯವರ 87ನ್ನು ಕಳೆದರೂ ತಂಡಕ್ಕೆ 359 ಗೋಲು ಉಳಿಯುತ್ತದೆ. ಸಾಲಾಗಿ ನಾಲ್ಕು ವರ್ಷ ಕಪ್ ಗೆದ್ದಿದ್ದ ಐಲಂಡರ್ಸ್ ಆ ವರ್ಷ ಹೊಡೆದದ್ದು 357.

ಇದೆಲ್ಲ ಹೇಗೆ ಸಾಧ್ಯವಾಯಿತು? ಹಳೆಯ ಕ್ರಮದ ಆಟದಲ್ಲಿ ಎಡಬದಿಯವನು ಎಡಗಡೆಯ ದಾರಿಯಲ್ಲಿ, ಬಲಬದಿಯವನು ಬಲಗಡೆಯ ದಾರಿಯಲ್ಲಿ ಮೇಲೆ ಕೆಳಗೆ ಓಡುತ್ತಿದ್ದ. 1970ರ ದಶಕದಲ್ಲಿ ವಿನಿಪೆಗ್ ಜೆಟ್ಸ್ ಎಂಬ ತಂಡ ಸ್ವೀಡನ್ನಿನ ಆಟಗಾರರನ್ನು ಕರೆಸಿ, ಒಬ್ಬರ ದಾರಿಯನ್ನು ಇನ್ನೊಬ್ಬರು ಕತ್ತರಿಸಿ ಹೋಗುತ್ತ ಬಿಲ್ಲೆ ದಾಟಿಸುವ ಆಟವಾಡಿತು. ಅವರೆದುರು ಆಡಿ ಅನುಭವಪಟ್ಟಿದ್ದ ಗ್ಲೆನ್ ಸ್ಯಾದರ್ ಮುಂದೆ ಆಯಿಲರ್ಸ್ ತಂಡದ ತರಬೇತುದಾರರಾದಾಗ ಅದನ್ನೇ ತಮ್ಮ ಹುಡುಗರಿಗೆ ಕಲಿಸಿದರು. ಕುರ್ರಿಯವರನ್ನು ಫಿನ್ಲೆಂಡಿನಿಂದ ಕರೆತಂದರು. ಹಿಂದಿನಿಂದ ಕಾಫಿ ಜಾರುತ್ತ ಬಂದರೆ ಎದುರಾಳಿಗೆ ಲೆಕ್ಕ ತಪ್ಪುತ್ತಿತ್ತು: ಮೂವರನ್ನು ಕಾಯುತ್ತಿದ್ದವನ ಮುಂದೆ ನಾಲ್ಕನೆಯವನು ನಿಂತಿರುತ್ತಿದ್ದ.

ಗ್ರೆಟ್ಸ್ಕಿಯವರ ನೆಚ್ಚಿನ ಜಾಗ ಬಲೆಯ ಹಿಂದಿನ ಆ ಮೂರು ಮೀಟರ್. ಅಲ್ಲಿ ಬಿಲ್ಲೆ ಹಿಡಿದು ನಿಂತರೆ ಬಲೆಯೇ ಅವರಿಗೆ ಬೇಲಿ. ಗೋಲ್‌ಕೀಪರ್ ಹಿಂದೆ ತಿರುಗಿ ಇವರನ್ನು ನೋಡಬೇಕು. ಅವನು ಇವರನ್ನು ನೋಡುತ್ತಿರುವಾಗ ಮುಂದುಗಡೆ ಕುರ್ರಿ ಬಂದು ನಿಂತಿರುತ್ತಾರೆ. ಬಿಲ್ಲೆ ಅವರ ಕೋಲಿಗೆ ಹೋಗುತ್ತದೆ, ಗೋಲಾಗುತ್ತದೆ. ಆ ಜಾಗಕ್ಕೆ ಜನ 'ಗ್ರೆಟ್ಸ್ಕಿಯ ಆಫೀಸು' ಎಂದೇ ಹೆಸರಿಟ್ಟರು. ಈ ನೋಟವನ್ನು ಅವರಿಗೆ ಕಲಿಸಿದವರು ತಂದೆ ವಾಲ್ಟರ್. ಬ್ರಾಂಟ್‌ಫರ್ಡ್ ಎಂಬ ಊರಿನಲ್ಲಿ ಟೆಲಿಫೋನ್ ಕಂಪನಿಯ ಕೆಲಸಗಾರರಾಗಿದ್ದ ಅವರು ಚಳಿಗಾಲದಲ್ಲಿ ಹಿತ್ತಲಿಗೆ ನೀರು ಬಿಟ್ಟು ಗಟ್ಟಿಮಾಡಿ ಮಗನಿಗೆ ಅಂಗಣ ಮಾಡಿಕೊಡುತ್ತಿದ್ದರು. ಬಿಲ್ಲೆ ಇರುವಲ್ಲಿಗಲ್ಲ, ಅದು ಹೋಗಲಿರುವಲ್ಲಿಗೆ ಹೋಗು ಎಂಬುದು ಅವರ ಪಾಠ. ಟೆಲಿವಿಷನ್ನಿನಲ್ಲಿ ಪಂದ್ಯ ನೋಡುವಾಗ ಹುಡುಗನ ಕೈಗೆ ಕಾಗದ ಕೊಟ್ಟು, ಬಿಲ್ಲೆ ಹೋದ ದಾರಿಯನ್ನು ಪೆನ್ಸಿಲಿನಿಂದ ಗೆರೆ ಎಳೆಯಿಸುತ್ತಿದ್ದರಂತೆ. ಗೆರೆಗಳು ದಟ್ಟವಾದ ಕಡೆ ಬಿಲ್ಲೆ ಮತ್ತೆ ಮತ್ತೆ ಬರುತ್ತದೆ ಎಂದರ್ಥ. ಮಕ್ಕಳ ಆಟವನ್ನು ಬರಿಯ ಕಾಲಹರಣವೆನ್ನುವ ಹೆತ್ತವರು ಈ ತಂದೆಯನ್ನು ಸ್ವಲ್ಪ ನೆನೆಯಬಹುದು.

ಆ ಋತುವಿನ ಮೊದಲ ಪಂದ್ಯದಿಂದ ಸಾಲಾಗಿ 51 ಪಂದ್ಯಗಳಲ್ಲಿ ಗ್ರೆಟ್ಸ್ಕಿ ಒಂದಾದರೂ ಅಂಕ ಗಳಿಸುತ್ತ ಹೋದರು. ಒಟ್ಟು 61 ಗೋಲು, 92 ನೆರವು. 1984ರ ಜನವರಿಯಲ್ಲಿ ಷಿಕಾಗೋದಲ್ಲಿ ಈ ಸರಪಳಿ ಕಡಿಯುವುದರಲ್ಲಿತ್ತು. ಸೋಲುತ್ತಿರುವ ತಂಡ ಕೊನೆಯ ಗಳಿಗೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆಸಿ ಇನ್ನೊಬ್ಬ ಮುನ್ನುಗ್ಗುವವನನ್ನು ಇಳಿಸುವುದುಂಟು. ಷಿಕಾಗೋದವರು ಹಾಗೆ ಮಾಡಿದಾಗ, 2 ಸೆಕೆಂಡು ಉಳಿದಿರುವಂತೆ ಬರಿಬಲೆಗೆ ಬಿಲ್ಲೆ ಸೇರಿಸಿ ಸರಪಳಿ ಉಳಿಸಿಕೊಂಡರು. ಅದು ಕಡಿದದ್ದು ಜನವರಿ 28ರಂದು, ಲಾಸ್ ಏಂಜಲೀಸ್ ತಂಡದೆದುರು.

ಎಲ್ಲವೂ ಹೊಗಳುವಂಥದೇ ಆಗಿರಲಿಲ್ಲ. 1983ರ ನವೆಂಬರ್ 19ರಂದು ನ್ಯೂಜೆರ್ಸಿ ತಂಡವನ್ನು 13–4ರಿಂದ ಸೋಲಿಸಿದ ಮೇಲೆ ಗ್ರೆಟ್ಸ್ಕಿ ಆ ತಂಡವನ್ನು 'ಮಿಕ್ಕಿ ಮೌಸ್' ಎಂದು ಹೀಗಳೆದರು. ಎದುರು ತಂಡದ ಗೋಲಿನಲ್ಲಿ ನಿಂತಿದ್ದವರು ಅವರ ಹಳೆಯ ಸಂಗಾತಿ; ಅವರ ಮೇಲಿನ ಕನಿಕರದಿಂದ ಬಂದ ಮಾತದು. ಆದರೆ ನೊಂದವರು ಅನೇಕರು. ಅವರೂ ಆಮೇಲೆ ಪಶ್ಚಾತ್ತಾಪಪಟ್ಟರು.

ಫೆಬ್ರವರಿಯಲ್ಲಿ ಭುಜದ ನೋವಿನಿಂದ ಗ್ರೆಟ್ಸ್ಕಿ ಆರು ಪಂದ್ಯಗಳಿಗೆ ಹೊರಗುಳಿದರು. ಆಗ ಹಾರ್ಟ್‌ಫರ್ಡ್ ತಂಡದ ಎದುರು ಆಯಿಲರ್ಸ್ ಸೋತದ್ದು 11–0ರಿಂದ. ವರ್ಷಕ್ಕೆ 446 ಗೋಲು ಹೊಡೆದ ಅದೇ ತಂಡ, ಸೊನ್ನೆ! ಹೊಡೆಯುವವರು ಅಷ್ಟು ಮಂದಿ ಇದ್ದರು, ಕೊಡುವವರು ಇರಲಿಲ್ಲ. ತಂಡದ ಪ್ರತಿ ನೂರು ಗೋಲುಗಳಲ್ಲಿ ಸುಮಾರು 46ರಲ್ಲಿ ಗ್ರೆಟ್ಸ್ಕಿಯವರ ಹೆಸರಿತ್ತು ಎಂಬ ಲೆಕ್ಕವನ್ನು ಈ ಸೊನ್ನೆಯ ಪಕ್ಕದಲ್ಲಿಟ್ಟು ನೋಡಬೇಕು. ಅವರ ಜೀವಮಾನದ ಲೆಕ್ಕವೂ ಇದೇ ಮಾತನ್ನು ಹೇಳುತ್ತದೆ. ಅವರ 894 ಗೋಲುಗಳ ದಾಖಲೆಯನ್ನು 2025ರಲ್ಲಿ ರಷ್ಯದ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದರು. ನೆರವಿನ 1963ರ ಹತ್ತಿರ ಯಾರೂ ಸುಳಿದಿಲ್ಲ. ಗೋಲು, ನೆರವು ಎರಡನ್ನೂ ಕೂಡಿಸಿದ ಪಟ್ಟಿಯಲ್ಲಿ ಎರಡನೆಯವರಾದ ಯಾರೊಮಿರ್ ಯಾಗರ್ ಅವರ ಒಟ್ಟು ಮೊತ್ತ 1921.

ಹಾಗಾದರೆ ಹೆಚ್ಚು ಗೋಲು ಹೊಡೆಯುವ ತಂಡವೇ ಕಪ್ ಗೆಲ್ಲುತ್ತದೆಯೇ? ಆಯಿಲರ್ಸ್ ಇದಕ್ಕೆ ಉತ್ತರವನ್ನು ಕಹಿಯಾಗಿ ಕಲಿತದ್ದು 1983ರ ಮೇ ತಿಂಗಳಲ್ಲಿ. ಆ ಋತುವಿನಲ್ಲಿ 424 ಗೋಲು ಹೊಡೆದು ಅವರು ಸ್ಟಾನ್ಲಿ ಕಪ್ಪಿನ ಅಂತಿಮ ಸರಣಿಗೆ ಬಂದರು. ಎದುರಿಗೆ ಐಲಂಡರ್ಸ್. ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಸೋತರು. ನಾಲ್ಕರಲ್ಲಿ ಸೇರಿ ಹೊಡೆದದ್ದು 6 ಗೋಲು. ಗ್ರೆಟ್ಸ್ಕಿಯವರಿಗೆ ನೆರವು ನಾಲ್ಕು ಸಿಕ್ಕಿತು, ಗೋಲು ಒಂದೂ ಇಲ್ಲ. ಗೋಲ್‌ಕೀಪರ್ ಬಿಲ್ಲಿ ಸ್ಮಿತ್ ಕಲ್ಲಿನ ಗೋಡೆಯಾಗಿದ್ದರು. ಸೋತ ಮೇಲೆ ಗ್ರೆಟ್ಸ್ಕಿ ಮತ್ತು ಕೆವಿನ್ ಲೋ ಗೆದ್ದವರ ಕೋಣೆಯ ಮುಂದಿನಿಂದ ಹಾದುಹೋದರಂತೆ. ಒಳಗೆ ಕುಣಿತ, ಕೇಕೆ ಇದ್ದೀತು ಎಂದು ಎಣಿಸಿದ್ದರು. ಕಂಡದ್ದು ಮೊಣಕಾಲಿಗೆ, ಭುಜಕ್ಕೆ ಮಂಜುಗಡ್ಡೆಯ ಪೊಟ್ಟಣ ಕಟ್ಟಿಕೊಂಡು ಕುಳಿತ ದಣಿದ ಗಂಡಸರನ್ನು. ಇವರಿಬ್ಬರ ಮೈಯಲ್ಲಿ ಒಂದು ಗಾಯವೂ ಇರಲಿಲ್ಲ.

ಮರುವರ್ಷ, 1984ರ ಮೇ ತಿಂಗಳಲ್ಲಿ, ಅದೇ ಎರಡು ತಂಡಗಳು ಮತ್ತೆ ಎದುರಾದವು. ಮೊದಲ ಪಂದ್ಯ ಐಲಂಡರ್ಸ್ ಅಂಗಣದಲ್ಲಿ. ಎರಡು ಅವಧಿ ಮುಗಿದರೂ ಗೋಲಿಲ್ಲ. ಮೂರನೆಯ ಅವಧಿಯ ಆರಂಭದಲ್ಲಿ ಒಂದು ಗೋಲಾಯಿತು. ಹೊಡೆದವರು ಕೆವಿನ್ ಮೆಕ್ಲೆಲಂಡ್. ಮೇಲೆ ಹೇಳಿದ ಅಂಕಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗದು. ಉಳಿದ ಹೊತ್ತೆಲ್ಲ ಫ್ಯೂರ್ ಬಲೆ ಕಾದರು. 446 ಗೋಲಿನ ತಂಡ 1–0ರಿಂದ ಗೆದ್ದಿತು. ಎರಡನೆಯದರಲ್ಲಿ 1–6ರ ಸೋಲು. ಬಳಿಕ ಎಡ್ಮಂಟನ್ನಿನಲ್ಲಿ 7–2, 7–2, 5–2. ಮೇ 19ರ ರಾತ್ರಿ ಕಪ್ ಅವರ ಕೈಸೇರಿತು. ಹಿಂದಿನ ವರ್ಷ ನಾಲ್ಕು ಪಂದ್ಯಗಳಲ್ಲಿ 6 ಗೋಲು, ಈ ವರ್ಷ ಐದರಲ್ಲಿ 21. ಆ ವರ್ಷದ ಕಪ್ ಪಂದ್ಯಗಳ ಅತ್ಯುತ್ತಮ ಆಟಗಾರನ ಬಹುಮಾನ ಗ್ರೆಟ್ಸ್ಕಿಯವರಿಗೆ ಬರಲಿಲ್ಲ, ಮೆಸ್ಸಿಯೆಯವರಿಗೆ ಸಂದಿತು.