ಲೋಪ ಕಂಡವರು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನನ್ನ ತಮ್ಮ ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಭದ್ರತಾ ಲೋಪ ಹುಡುಕಿ ಹೇಳಿದರೆ ದುಡ್ಡು ಕೊಡುತ್ತಾರೆ ಎನ್ನುತ್ತಾನೆ. ಕೇಳದೆ ಇನ್ನೊಬ್ಬರ ವ್ಯವಸ್ಥೆಯೊಳಗೆ ಕೈ ಹಾಕುವುದು ಸರಿಯೇ? ಕೇಸ್ ಆಗುವುದಿಲ್ಲವೇ?
– ಓದುಗರೊಬ್ಬರು, ದೇವದುರ್ಗ

ಉತ್ತರ: ದುಡ್ಡು ಸಿಗುವುದೂ ನಿಜ, ಕೇಸ್ ಆಗುವುದೂ ನಿಜ. ಎರಡಕ್ಕೂ ಬೆಂಗಳೂರಿನಲ್ಲೇ ಉದಾಹರಣೆಗಳಿವೆ.

ಆನಂದ್ ಪ್ರಕಾಶ್ 2016ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಭದ್ರತಾ ಇಂಜಿನಿಯರ್ ಆಗಿದ್ದರು. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಮೊಬೈಲಿಗೆ ಆರು ಅಂಕಿಯ ಕೋಡ್ ಬರುತ್ತಿತ್ತು. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪು ಕೋಡ್ ಹಾಕಿದರೆ ತಡೆ ಬೀಳುತ್ತಿತ್ತು. ಹೊಸ ಸೌಲಭ್ಯಗಳ ಪರೀಕ್ಷೆಗೆಂದು ಇಟ್ಟಿದ್ದ ಬೀಟಾ ತಾಣದಲ್ಲಿ ಆ ತಡೆಯೇ ಇರಲಿಲ್ಲ. ಆರು ಅಂಕಿಯೆಂದರೆ ಹತ್ತು ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಅದು ದೊಡ್ಡ ಲೆಕ್ಕವಲ್ಲ. ಯಾರ ಖಾತೆ ಬೇಕಾದರೂ ವಶವಾಗಬಹುದಿತ್ತು. ಅವರು ಇದನ್ನು ಪರೀಕ್ಷಿಸಿದ್ದು ತಮ್ಮದೇ ಖಾತೆಯ ಮೇಲೆ. ಫೆಬ್ರುವರಿ 22ರಂದು ಕಂಪನಿಗೆ ತಿಳಿಸಿದರು. ಮರುದಿನವೇ ಲೋಪ ಸರಿಯಾಯಿತು. ಮಾರ್ಚ್‌ನಲ್ಲಿ 15,000 ಡಾಲರ್ ಬಹುಮಾನ ಬಂತು. ಆಗಿನ ಲೆಕ್ಕದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ.

ಮರುವರ್ಷ, 2017ರ ಆಗಸ್ಟ್‌ನಲ್ಲಿ, ಬೆಂಗಳೂರು ಪೊಲೀಸರು ಇನ್ನೊಬ್ಬ ಯುವ ಇಂಜಿನಿಯರ್‌ನನ್ನು ಬಂಧಿಸಿದರು. ಸರ್ಕಾರಿ ಇ-ಹಾಸ್ಪಿಟಲ್ ವ್ಯವಸ್ಥೆಯ ಮೂಲಕ ಆಧಾರ್ ವಿವರ ಪಡೆಯುವ ದಾರಿಯೊಂದು ಆತನಿಗೆ ಸಿಕ್ಕಿತ್ತು. ಆತ ಅದನ್ನು ಬಳಸಿಕೊಂಡು ಒಂದು ಆ್ಯಪ್ ಮಾಡಿ ಜನರ ಬಳಕೆಗೆ ಬಿಟ್ಟಿದ್ದ. ಜಾಹೀರಾತಿನಿಂದ ಹಣವೂ ಬಂದಿತ್ತೆಂದು ಪೊಲೀಸರು ಹೇಳಿದರು. ಆ್ಯಪ್ ಬಳಸಿದವರು ನೋಡುತ್ತಿದ್ದದ್ದು ತಮ್ಮದೇ ವಿವರ ಎಂದು ಆತನ ಪರ ವಾದಿಸಿದವರೂ ಇದ್ದರು. ಆದರೂ ಲೋಪ ಕಂಡಾಗ ಸಂಬಂಧಪಟ್ಟವರಿಗೆ ತಿಳಿಸುವ ಬದಲು ಅದರ ಮೇಲೆಯೇ ಆ್ಯಪ್ ಕಟ್ಟಿದ್ದು ತಪ್ಪೇ.

ಇಬ್ಬರಿಗೂ ಜಾಣ್ಮೆ ಇತ್ತು. ಕಂಡ ಮೇಲೆ ಒಬ್ಬರು ನಿಂತರು, ಇನ್ನೊಬ್ಬರು ಮುಂದೆ ಹೋದರು. ಈ ವಿಷಯದಲ್ಲಿ ಸರಿತಪ್ಪು ತೀರ್ಮಾನವಾಗುವುದು ಅಲ್ಲಿಯೇ. ಏಕೆಂದರೆ ಸರ್ವರ್‌ನಲ್ಲಿರುವ ಮಾಹಿತಿ ಹ್ಯಾಕರ್‌ನದ್ದಲ್ಲ, ಕಂಪನಿಯದ್ದೂ ಅಲ್ಲ. ಮಾನ್ವಿಯ ರೈತ ಮಹಿಳೆಯೊಬ್ಬರನ್ನು ನೆನೆಯಿರಿ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟಿದ್ದಾರೆ, ಗೃಹಲಕ್ಷ್ಮಿಗೆ ಬ್ಯಾಂಕ್ ಖಾತೆ ಜೋಡಿಸಿದ್ದಾರೆ, ಬೆಳೆ ಪರಿಹಾರಕ್ಕೆಂದು ಪಹಣಿ ಮತ್ತು ಆಧಾರ್ ಕೊಟ್ಟಿದ್ದಾರೆ. ಅವೆಲ್ಲ ಯಾವ ಯಂತ್ರದಲ್ಲಿ ಕೂತಿವೆಯೋ ಅವರಿಗೆ ಗೊತ್ತಿಲ್ಲ. ಅವರಿಗೆ ಒಳಿತಾಯಿತೋ ಕೆಡುಕಾಯಿತೋ ಎಂಬುದೇ ಇಲ್ಲಿ ಅಳತೆ.

ನಿಮ್ಮ ತಮ್ಮನಿಗೆ ಬಿಡಿಸಿ ಹೇಳಿ. ವಿದ್ಯಾರ್ಥಿವೇತನದ ತಾಣವೊಂದರಲ್ಲಿ ತನ್ನ ಅರ್ಜಿ ತೆರೆದಾಗ ವಿಳಾಸದ ಕೊನೆಯಲ್ಲಿ ಅರ್ಜಿ ಸಂಖ್ಯೆ ಕಂಡಿತು ಎನ್ನಿ. ಅದರಲ್ಲಿ ಒಂದಂಕಿ ಬದಲಾದರೆ ಬೇರೆಯವರ ಅರ್ಜಿಯೇ ತೆರೆಯುತ್ತದೆ. ಇದು ತುಂಬ ಸಾಮಾನ್ಯವಾದ ಲೋಪ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು. ಇನ್ನೂ ನೂರು ಅರ್ಜಿ ತೆರೆಯಬಾರದು, ಏನನ್ನೂ ಇಳಿಸಿಕೊಳ್ಳಬಾರದು, ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಯಾವ ಪುಟ, ಯಾವ ದಿನ, ಏನು ಮಾಡಿದಾಗ ಏನಾಯಿತು ಎಂದು ಬರೆದಿಟ್ಟು, ಹೆಸರು ಮತ್ತು ಸಂಖ್ಯೆ ಮರೆಮಾಡಿ, ತಾಣದವರಿಗೆ ಕಳುಹಿಸಬೇಕು. ಅವರು ಕಿವಿಗೊಡದಿದ್ದರೆ ಅಥವಾ ಅದು ಸರ್ಕಾರಿ ತಾಣವಾಗಿದ್ದರೆ, ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಸರ್ಟ್-ಇನ್ ಸಂಸ್ಥೆ ಇಂಥ ವರದಿಗಳನ್ನು ಸ್ವೀಕರಿಸುತ್ತದೆ. ಸರಿಪಡಿಸಲು ಸಮಯವನ್ನೂ ಕೊಡಬೇಕು. ಲೋಪವನ್ನು ಬಹಿರಂಗಪಡಿಸುವ ಮುನ್ನ 90 ದಿನಗಳ ಗಡುವು ಕೊಡುವ ಪದ್ಧತಿಯನ್ನು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ರೂಢಿಗೆ ತಂದಿದೆ. ಬಹುಮಾನ ಘೋಷಿಸದ ಕಡೆ ‘ದುಡ್ಡು ಕೊಟ್ಟರೆ ಹೇಳುತ್ತೇನೆ’ ಎಂದರೆ ಅದು ಸುಲಿಗೆಯಾಗುತ್ತದೆ.

ಇನ್ನು ಕಾನೂನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿದರೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದೇ ಕೃತ್ಯ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ನಡೆದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸದುದ್ದೇಶದಿಂದ ಲೋಪ ಹುಡುಕುವವರಿಗೆ ಪ್ರತ್ಯೇಕ ರಕ್ಷಣೆಯನ್ನು ಈ ಕಾಯ್ದೆ ಕೊಟ್ಟಿಲ್ಲ. ಅಮೆರಿಕದ ನ್ಯಾಯ ಇಲಾಖೆ ಅಂಥವರ ಮೇಲೆ ಮೊಕದ್ದಮೆ ಹೂಡಬಾರದೆಂದು 2022ರಲ್ಲಿ ನೀತಿ ಪ್ರಕಟಿಸಿತು. ನಮ್ಮಲ್ಲೂ ಅಂಥ ರಕ್ಷಣೆ ಬರಲೇಬೇಕು. ಆಧಾರ್ ವಿವರ 500 ರೂಪಾಯಿಗೆ ಸಿಗುತ್ತಿದೆ ಎಂದು 2018ರ ಜನವರಿಯಲ್ಲಿ ‘ದಿ ಟ್ರಿಬ್ಯೂನ್’ ಪತ್ರಿಕೆ ಬರೆದಾಗ, ಆಧಾರ್ ಪ್ರಾಧಿಕಾರದ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಸೇರಿತು. ಸುದ್ದಿ ತಂದವರನ್ನೇ ಅಪರಾಧಿಯಂತೆ ಕಂಡರೆ, ಮುಂದಿನ ಲೋಪ ಕಂಡವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಲೋಪ ಮಾತ್ರ ಕಳ್ಳರಿಗೆ ಉಳಿಯುತ್ತದೆ. ಅದೇ ಆಧಾರ್ ಪ್ರಾಧಿಕಾರ 2022ರಲ್ಲಿ 20 ಪರಿಣತರನ್ನು ಆರಿಸಿ ಲೋಪ ಹುಡುಕಿಸುವ ಯೋಜನೆ ಪ್ರಕಟಿಸಿತು. ಒಳ್ಳೆಯ ಬದಲಾವಣೆ.

ಹಾಗಾಗಿ ತಮ್ಮನನ್ನು ತಡೆಯಬೇಡಿ. ಲೋಪ ತಿಳಿಸಿದವರಿಗೆ ಬಹುಮಾನ ಕೊಡುವ ‘ಬಗ್ ಬೌಂಟಿ’ ಯೋಜನೆ ಇರುವ ಕಂಪನಿಗಳಿಂದಲೇ ಶುರು ಮಾಡಲಿ. ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂದು ಅವು ಬರೆದು ಪ್ರಕಟಿಸಿರುತ್ತವೆ. ಆ ಗಡಿಯೊಳಗಿದ್ದರೆ ಅನುಮತಿ ಇದ್ದಂತೆ. ರಾಯಚೂರಿನ ಕಾಲೇಜುಗಳಿಗೂ ಒಂದು ಮಾತು: ನಿಮ್ಮ ತಾಣದಲ್ಲಿ ಲೋಪ ತಿಳಿಸಲು ಒಂದು ವಿಳಾಸ ಕೊಡಿ, ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ದೂರು ಕೊಡುವುದಿಲ್ಲವೆಂದು ಬರವಣಿಗೆಯಲ್ಲಿ ಭರವಸೆ ನೀಡಿ. ಇದಕ್ಕೆ ಖರ್ಚೇನೂ ಇಲ್ಲ, ನಿಮ್ಮದೇ ವಿದ್ಯಾರ್ಥಿಗಳು ನಿಮ್ಮ ಕಾವಲಿಗೆ ನಿಲ್ಲುತ್ತಾರೆ.