ಭೂಫಲಕಗಳನ್ನು ಸರಿಸುವ ಬಲಗಳು

ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳ ಅಲೆತದ ವಾದ ಮಂಡಿಸಿದರೂ ಅವುಗಳನ್ನು ಸರಿಸುವ ಬಲ ಯಾವುದೆಂದು ಒಪ್ಪುವಂತೆ ವಿವರಿಸಲಾಗಲಿಲ್ಲ. ಮ್ಯಾಂಟಲ್‌ನ ಸಂವಹನ ಪ್ರವಾಹಗಳತ್ತ ಬೊಟ್ಟು ಮಾಡಿದವರು ಆರ್ಥರ್ ಹೋಮ್ಸ್. ಹಲವು ಪರೀಕ್ಷಾ ಗೈಡ್‌ಗಳು ಇಲ್ಲಿಗೇ ನಿಲ್ಲಿಸುತ್ತವೆ. ಇದು ಅರ್ಧ ಉತ್ತರ ಅಷ್ಟೆ.

ಇಂದು ಪ್ರಧಾನವೆಂದು ಪರಿಗಣಿತವಾದದ್ದು ‘ಸ್ಲ್ಯಾಬ್ ಪುಲ್’. ಸಾಗರ ಫಲಕ ಹಳೆಯದಾದಷ್ಟೂ ತಣ್ಣಗಾಗಿ ಸಾಂದ್ರವಾಗುತ್ತದೆ. ಕಂದಕದಲ್ಲಿ ಅದರ ಅಂಚು ಮುಳುಗತೊಡಗಿದರೆ, ಮಂಚದಿಂದ ಜಾರುವ ಕಂಬಳಿಯಂತೆ ಉಳಿದ ಭಾಗವನ್ನೂ ಎಳೆದೊಯ್ಯುತ್ತದೆ. ಮರಿಯಾನಾದಂಥ ಕಂದಕಗಳಲ್ಲಿ ಮುಳುಗುತ್ತಿರುವ ಪೆಸಿಫಿಕ್ ಫಲಕಕ್ಕೆ ವೇಗ ಹೆಚ್ಚು; ಅಂಥ ಅಂಚು ತೀರ ಕಡಿಮೆಯಿರುವ ಆಫ್ರಿಕಾ ಫಲಕ ನಿಧಾನ.

‘ರಿಡ್ಜ್ ಪುಷ್’ ಇದಕ್ಕಿಂತ ದುರ್ಬಲ. ಉಕ್ಕುವ ಶಿಲಾಪಾಕವೇ ಫಲಕವನ್ನು ನೂಕುತ್ತದೆ ಎಂಬ ಆಯ್ಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ಎಚ್ಚರ: ಸಾಗರಮಧ್ಯದ ಎತ್ತರದ ಏಣಿನಿಂದ ಇಳಿಜಾರಿನತ್ತ ಒತ್ತುವುದು ಗುರುತ್ವ.

ಭಾರತ ಫಲಕವನ್ನೇ ನೋಡಿ. ಮುಂದೆ ಟೆಥಿಸ್ ಸಾಗರತಳ ಮುಳುಗುತ್ತ ಎಳೆಯುತ್ತಿದ್ದಾಗ ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂ.ಮೀ. ಮೀರಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಯುರೇಷ್ಯಾಕ್ಕೆ ಡಿಕ್ಕಿಯಾಯಿತು. ಖಂಡದ ಶಿಲೆ ಹಗುರ, ಸಾಗರತಳದಂತೆ ಸಲೀಸಾಗಿ ಮುಳುಗದು. ಹಾಗಾಗಿ ಈಗಿನ ವೇಗ ವರ್ಷಕ್ಕೆ ಸುಮಾರು 5 ಸೆಂ.ಮೀ. ಅಷ್ಟೆ.