ಕರುಣೆಗೆ ನಿವೃತ್ತಿ ಇಲ್ಲ



*ಇಂದಿನ ಧಮ್ಮ ಚಿಂತನ*
*ವಿಷಯ: ಕರುಣೆ ಮತ್ತು ಪ್ರಜ್ಞೆ*



ಕರುಣೆ ಎಂಬ ಮಾತನ್ನು ನಾವು ದಿನಾಲೂ ಆಡುತ್ತೇವೆ. ಕಷ್ಟದಲ್ಲಿರುವವರನ್ನು ಕಂಡು ‘ಅಯ್ಯೋ ಪಾಪ’ ಅನ್ನುತ್ತೇವೆ. ಟಿವಿಯಲ್ಲಿ ಮಹಾಪೂರ ನೋಡಿ ಕಣ್ಣೀರು ಹಾಕುತ್ತೇವೆ. ಅದು ಒಳ್ಳೆಯ ಮನಸ್ಸಿನ ಗುರುತು, ಸುಳ್ಳಲ್ಲ. ಆದರೆ ಧಮ್ಮದಲ್ಲಿ ಅದು ಕರುಣೆಯ ಮೊದಲ ಅಕ್ಷರ ಮಾತ್ರ. ಉಳಿದ ಅಕ್ಷರಗಳನ್ನು ಕಲಿಯಲು ಇಂದು ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆಯನ್ನು ನೋಡೋಣ.

*ಶಿರೂರಿನ ಗುಡ್ಡ*

2024ರ ಜುಲೈ 16. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರು. ಮಳೆಗೆ ನೆನೆದ ಗುಡ್ಡ ಬೆಳಗಿನ ಹೊತ್ತು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿಯಿತು. ರಸ್ತೆ ಬದಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಮಣ್ಣುಪಾಲಾಯಿತು. ಮಣ್ಣಿನ ರಾಶಿ ಪಕ್ಕದ ಗಂಗಾವಳಿ ನದಿಗೆ ಬಿದ್ದ ಹೊಡೆತಕ್ಕೆ ಆಚೆ ದಂಡೆಯ ಉಳುವರೆ ಗ್ರಾಮಕ್ಕೂ ನೀರು ನುಗ್ಗಿತು. ಕೇರಳದ ಕೋಝಿಕ್ಕೋಡ್ ಕಡೆಯ ಒಬ್ಬ ಯುವ ಚಾಲಕ ತನ್ನ ಲಾರಿ ಸಮೇತ ಕಾಣೆಯಾದ.

ಹುಡುಕಾಟ ಶುರುವಾಯಿತು. ಲಾರಿ ರಸ್ತೆಯ ಮೇಲಿನ ಮಣ್ಣಿನಲ್ಲಿದೆಯೋ, ನದಿಯೊಳಗಿದೆಯೋ ಯಾರಿಗೂ ತಿಳಿಯದು. ಆಗ ಕರ್ನಾಟಕ ಸರ್ಕಾರದ ಕೋರಿಕೆಯ ಮೇರೆಗೆ ಬಂದವರು ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್. ಸೈನ್ಯದ ಸೇವೆ ಮುಗಿಸಿದ್ದವರು. ‘ನನ್ನ ಪಾಳಿ ಮುಗಿದಿದೆ’ ಎಂದು ಮನೆಯಲ್ಲಿ ಕೂರಬಹುದಿತ್ತು, ಕೂರಲಿಲ್ಲ. ಹೂತುಹೋದ ವಸ್ತುಗಳನ್ನು ಡ್ರೋನ್ ಮೂಲಕ ಪತ್ತೆ ಹಚ್ಚುವ ಉಪಕರಣವನ್ನು ತಮ್ಮ ತಂಡದೊಂದಿಗೆ ತಂದರು. ನದಿಯಲ್ಲಿ ಲಾರಿ ಇರಬಹುದಾದ ಕೆಲವು ಜಾಗಗಳನ್ನು ಗುರುತಿಸಿ ಕೊಟ್ಟರು.

ಜಾಗ ಗೊತ್ತಾದರೂ ನೀರಿಗೆ ಇಳಿಯುವುದು ಸುಲಭವಿರಲಿಲ್ಲ. ಸೆಳೆತ ಅಷ್ಟು ಜೋರು. ನೌಕಾಪಡೆಯ ಮುಳುಗುಗಾರರೇ ಕಾಯಬೇಕಾಯಿತು. ಉಡುಪಿ ಜಿಲ್ಲೆಯ ಈಶ್ವರ ಮಲ್ಪೆ ಅವರೂ ಸ್ವಯಂಸೇವಕರಾಗಿ ಬಂದು ನೀರಿಗಿಳಿದು ಹುಡುಕಿದರು. ಜುಲೈ ಕೊನೆಗೆ ಕಾರ್ಯಾಚರಣೆ ನಿಂತಿತು. ಸೆಪ್ಟೆಂಬರಿನಲ್ಲಿ ಗೋವಾದಿಂದ ಡ್ರೆಜರ್ ತರಿಸಿ ಹೂಳು ತೆಗೆಯುವಾಗ ಇಂದ್ರಬಾಲನ್ ಮತ್ತೆ ಬಂದರು. ಸೆಪ್ಟೆಂಬರ್ 25ರಂದು, ಅಂದರೆ 71 ದಿನಗಳ ಬಳಿಕ, ನದಿಯೊಳಗೆ ಲಾರಿ ಸಿಕ್ಕಿತು. ಕ್ಯಾಬಿನ್‌ನಲ್ಲಿ ಚಾಲಕನ ದೇಹವಿತ್ತು. ಪುಟ್ಟ ಮಗನ ಆಟಿಕೆಯ ಲಾರಿಯೂ ಇತ್ತು.

ಜೀವ ಉಳಿಯಲಿಲ್ಲ. ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಬಾಗಿಲು ನೋಡುತ್ತ ಕೂತ ತಾಯಿ, ಹೆಂಡತಿಯನ್ನು ಕೇಳಬೇಕು. ‘ಇದ್ದಾನೋ ಇಲ್ಲವೋ’ ಎಂಬುದು ಸಾವಿಗಿಂತ ದೊಡ್ಡ ದುಃಖ. ಆ ದುಃಖಕ್ಕೆ ಒಂದು ಕೊನೆ ಕಾಣಿಸುವುದೂ ಕರುಣೆಯೇ.

*ಧಮ್ಮದ ಪಾಠ*

ಅತಿಸಾರದಿಂದ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಕುವಿನ ಕಥೆ ನಮಗೆಲ್ಲ ಗೊತ್ತು. ‘ಉಳಿದ ಭಿಕ್ಕುಗಳು ನಿನ್ನನ್ನು ಯಾಕೆ ನೋಡಿಕೊಳ್ಳುತ್ತಿಲ್ಲ?’ ಎಂದು ಭಗವಾನ್ ಬುದ್ಧರು ಕೇಳಿದರು. ತನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ, ಅದಕ್ಕೆ, ಎಂದ ಆತ. ಬುದ್ಧರು ಆನಂದನಿಂದ ನೀರು ತರಿಸಿ, ತಾವೇ ಕೈಹಾಕಿ ಅವನನ್ನು ತೊಳೆದು, ಹಾಸಿಗೆಯ ಮೇಲೆ ಮಲಗಿಸಿದರು. ರೋಗಿಯ ಸೇವೆಯೇ ತಮ್ಮ ಸೇವೆ ಎಂದು ಸಂಘಕ್ಕೆ ತಿಳಿಸಿದರು.

ಇಲ್ಲಿ ಗಮನಿಸಿರಿ. ‘ಇವನಿಂದ ನಮಗೇನು ಲಾಭ’ ಎಂಬ ಲೆಕ್ಕವನ್ನೇ ಬುದ್ಧರು ಅಳಿಸಿದರು. ಶಿರೂರಿನಲ್ಲೂ ಅಷ್ಟೇ. ಹುಡುಕಿದವರಿಗೂ ಕಾಣೆಯಾದವನಿಗೂ ರಕ್ತಸಂಬಂಧವಿರಲಿಲ್ಲ. ಹಿರಿಯ ಸೇನಾಧಿಕಾರಿಯೊಬ್ಬರು ಒಬ್ಬ ಲಾರಿ ಚಾಲಕನಿಗಾಗಿ ನದಿ ದಂಡೆಯಲ್ಲಿ ನಿಂತರು. ಬಾಬಾಸಾಹೇಬರು ಹೇಳಿದ ಸಮತೆ ಎಂದರೆ ಇದೇ: ಎಲ್ಲರ ಪ್ರಾಣಕ್ಕೂ ಒಂದೇ ಬೆಲೆ.

ಇನ್ನೊಂದು ಮಾತು. ಪ್ರಜ್ಞೆ ಇಲ್ಲದ ಕರುಣೆ ಅಪಾಯ. ಉಕ್ಕುವ ಹೊಳೆಗೆ ಭಾವಾವೇಶದಿಂದ ಹಾರಿದವನನ್ನು ಹುಡುಕಲು ಮತ್ತೊಬ್ಬ ಇಳಿಯಬೇಕಾಗುತ್ತದೆ. ಆ ನಿವೃತ್ತ ಯೋಧರು ತಂದದ್ದು ಬರೀ ಧೈರ್ಯವನ್ನಲ್ಲ, ಕಲಿತ ವಿದ್ಯೆಯನ್ನು. ಹತ್ತು ಪಾರಮಿತೆಗಳಲ್ಲಿ ಕರುಣೆಯ ಜೊತೆಗೇ ವೀರ್ಯ, ಅಂದರೆ ಸರಿಯಾದ ಪ್ರಯತ್ನವೂ, ಅಧಿಷ್ಠಾನ, ಅಂದರೆ ಗುರಿ ಮುಟ್ಟುವ ದೃಢ ನಿರ್ಧಾರವೂ ಇವೆ. ಒಮ್ಮೆ ನಿಂತ ಹುಡುಕಾಟಕ್ಕೆ ಮತ್ತೆ ಬಂದದ್ದು ಅಧಿಷ್ಠಾನ.

*ಸೈನಿಕ ಮತ್ತು ನಾವು*

‘ಅಹಿಂಸೆಯ ಧಮ್ಮದಲ್ಲಿ ಸೈನಿಕನಿಗೆ ಜಾಗವಿದೆಯೇ?’ ಎಂದು ಕೆಲವು ಹುಡುಗರು ಕೇಳುತ್ತಾರೆ. ವೈಶಾಲಿಯ ಸೇನಾಪತಿ ಸಿಂಹ ಬುದ್ಧರ ಉಪಾಸಕನಾಗಿದ್ದ. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ಸೈನಿಕ ಶಿಬಿರದಲ್ಲಿ, ಸುಬೇದಾರ್ ರಾಮಜಿಯವರ ಮಗನಾಗಿ. ನಮ್ಮ ಜನರಿಗೆ ಸೈನ್ಯದ ಬಾಗಿಲು ಮುಚ್ಚಿದಾಗ ಅದನ್ನು ತೆರೆಸಲು ಅವರು ಹೋರಾಡಿದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಶಿಸ್ತು, ತರಬೇತಿ, ಒಗ್ಗಟ್ಟು ಇವು ಯುದ್ಧಕ್ಕೆ ಮಾತ್ರ ಬೇಕಾದ ಗುಣಗಳಲ್ಲ. ಜೀವ ಉಳಿಸಲಿಕ್ಕೂ ಇವೇ ಬೇಕು.

*ನಮ್ಮೂರಿಗೆ ಬರೋಣ*

ಹತ್ತರಗಿ, ಹುಕ್ಕೇರಿ, ಗೋಕಾಕ, ಮೂಡಲಗಿಯವರಿಗೆ ಹೊಳೆಯ ಸಿಟ್ಟು ಹೊಸದಲ್ಲ. ಹಿಡಕಲ್ ಜಲಾಶಯದಲ್ಲಿ ಹಿಡಿಯುವುದು 51 ಟಿಎಂಸಿ ನೀರು. ಅದು ತುಂಬಿ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿದರೆ ಘಟಪ್ರಭೆಗೆ ದಂಡೆ ಸಾಲುವುದಿಲ್ಲ. 2019ರ ಆಗಸ್ಟಿನಲ್ಲಿ ಗೋಕಾಕ ಪೇಟೆಗೇ ನೀರು ಹೊಕ್ಕಿತು. ಶಿರೂರಿನಲ್ಲಿ ಹುಡುಕಾಟ ನಡೆದಿದ್ದ ಅದೇ 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತ್ತು. ತಗ್ಗಿನಲ್ಲಿರುವ ಕೇರಿಗೆ ನೀರು ಮೊದಲು ಬರುತ್ತದೆ, ಸಹಾಯ ಕೊನೆಗೆ ಬರುತ್ತದೆ. ಆದ್ದರಿಂದ ಯಾರೋ ಬರಲಿ ಎಂದು ಕಾಯುವುದು ಬೇಡ. ಮಳೆಗಾಲದ ಮುಂಚೆ ಹೀಗೆ ಮಾಡೋಣ:

✅ ನಮ್ಮ ಊರಿನ ಮಾಜಿ ಸೈನಿಕರು, ಈಜು ಬಲ್ಲವರು, ನರ್ಸ್‌ಗಳು, ಟ್ರ್ಯಾಕ್ಟರ್ ಇರುವವರು, ಇವರ ಪಟ್ಟಿ ಮಾಡಿ ವಿಹಾರದಲ್ಲಿ ಇಡೋಣ. ಮಾಜಿ ಸೈನಿಕರನ್ನು ಆಗಸ್ಟ್ 15ಕ್ಕೆ ಶಾಲು ಹೊದಿಸಲು ಮಾತ್ರ ಕರೆಯದೆ, ಹುಡುಗ ಹುಡುಗಿಯರಿಗೆ ಕಲಿಸಲು ಕರೆಯೋಣ.

✅ ‘ಆಪದ ಮಿತ್ರ’ ತರಬೇತಿ ಬಗ್ಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸೋಣ.

✅ ಗಟ್ಟಿ ಹಗ್ಗ, ಗಾಳಿ ತುಂಬಿದ ಟ್ಯೂಬ್, ಬ್ಯಾಟರಿ ಒಂದೆಡೆ ಸಿದ್ಧವಿರಲಿ. ತರಬೇತಿ ಇಲ್ಲದವರು ಹರಿಯುವ ನೀರಿಗೆ ಇಳಿಯಬಾರದು, ದಂಡೆಯಿಂದಲೇ ಹಗ್ಗ ಎಸೆಯಬೇಕು. 112 ಮತ್ತು 1077 ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿರಲಿ.

✅ ನೀರು ಬಂದ ದಿನ ಎಲ್ಲ ಓಣಿಗೂ ಹೋಗೋಣ. ನಮ್ಮನ್ನು ದೂರ ಇಟ್ಟವರ ಓಣಿಗೂ ಹೋಗೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೂ ಕರುಣೆ ಎಂದಿದೆ. ಅದರಲ್ಲಿ ಯಾರನ್ನೂ ಬಿಟ್ಟಿಲ್ಲ.

*ಇಂದಿನ ಮನನ:* ನಾನು ಕಲಿತ ಯಾವ ವಿದ್ಯೆ, ನನ್ನ ಕೈಯ ಯಾವ ಕಸುಬು ಇನ್ನೊಬ್ಬರ ದುಃಖದ ದಿನ ಕೆಲಸಕ್ಕೆ ಬಂದೀತು? ಐದು ನಿಮಿಷ ಮೌನವಾಗಿ ಕುಳಿತು ಯೋಚಿಸಿರಿ. ಉತ್ತರವನ್ನು ಭಾನುವಾರದ ವಂದನೆಗೆ ಬಂದಾಗ ಹೇಳಿರಿ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್ 💙 ನಮೋ ಬುದ್ಧಾಯ 🙏